ತಾನೇ ಏಳುವ ಆಂಟೆನಾ

ಕಾರಿನ ರೇಡಿಯೊದ ಮೋಟಾರು ಆಂಟೆನಾ ಮುರಿದಾಗ ಅದರ ತೂತಿಗೆ ನಾನು ಬಟ್ಟೆಯ ಹ್ಯಾಂಗರ್ ತಂತಿ ಸಿಕ್ಕಿಸಿದ್ದೆ. ಆಸ್ಟ್ರೇಲಿಯಾದ ಬ್ಯಾಲರಟ್ ಊರಿನ ನಮ್ಮ ಬೀದಿಯಲ್ಲಿ ಅರ್ಧ ಕಾರುಗಳಿಗೆ ಅದೇ ಗತಿ. ಫುಟ್‌ಬಾಲ್ ಕಾಮೆಂಟರಿ ಚೆನ್ನಾಗಿಯೇ ಕೇಳುತ್ತಿತ್ತು. ನನ್ನ ಗಂಡ ನೆವಿಲ್‌ಗೆ ಮಾತ್ರ ಮರ್ಯಾದೆ ಹೋಗುತ್ತಿತ್ತಂತೆ.

ಫೈನಲ್ ದಿನ ಬೆಳಿಗ್ಗೆ ಹ್ಯಾಂಗರ್ ಕಿತ್ತೆಸೆದು ಹೊಸ ಆಂಟೆನಾ ಕೂರಿಸಿದ. ರೇಡಿಯೊ ಹಾಕಿದರೆ ಅದು ತಾನೇ ಏಳುತ್ತದೆ, ಆರಿಸಿದರೆ ತಾನೇ ಒಳಗಿಳಿಯುತ್ತದೆ. ಬೀದಿಯವರನ್ನೆಲ್ಲ ಕರೆದು ಏಳಿಸಿ ಇಳಿಸಿ ತೋರಿಸಿದ. ಅಷ್ಟು ಸಾಲದೆ, ಕಾರೂ ಹೊಳೆಯಬೇಕೆಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಕಾರು ತೊಳೆಯುವ ಯಂತ್ರದೊಳಗೆ ನುಗ್ಗಿಸಿದ. ಆಗ ಪಂದ್ಯ ಸಮಸಮ, ಕೊನೆಯ ನಿಮಿಷ.

"ರೇಡಿಯೊ ಆಫ್ ಮಾಡೋ, ಬ್ರಶ್ ಬರ್ತಿದೆ!"

"ತಲೆ ಕೆಟ್ಟಿದ್ಯಾ? ಈಗ ಯಾರಾದ್ರೂ ಆಫ್ ಮಾಡ್ತಾರೇನೇ? ನಮ್ಮೋನು ಒದೀತಿದಾನೆ!"

ಬ್ರಶ್ ಬಂತು. ಹೊರಗೆ ಲಟಕ್ಕೆಂದಿತು, ಒಳಗೆ ರೇಡಿಯೊ ಗೊರಗೊರ ಅಂದಿತು. ನಮ್ಮವನು ಒದ್ದನೋ ಬಿಟ್ಟನೋ, ದೇವರಿಗೇ ಗೊತ್ತು.

ನೆವಿಲ್ ಸೋಪಿನ ನೊರೆಯನ್ನೇ ನೋಡುತ್ತ ಕೂತ. ಬೆಳಿಗ್ಗೆ ಅವನು ಎಸೆದಿದ್ದ ಹ್ಯಾಂಗರನ್ನು ನಾನು ಸೀಟಿನ ಕೆಳಗೆ ತುರುಕಿಟ್ಟಿದ್ದೆ. ಎಳೆದು ಅವನ ತೊಡೆಯ ಮೇಲಿಟ್ಟೆ.

"ತಗೋ. ಇದಕ್ಕೆ ಏಳೋಕೂ ಬರಲ್ಲ, ಮುರಿಯೋಕೂ ಬರಲ್ಲ."