ಅತ್ತೆಯ ಒಲೆ ಬದಲಾದದ್ದು

ನನ್ನ ಸೋದರತ್ತೆ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಗಲ್ಲವೆತ್ತಿ, ಕಣ್ಣು ಅರೆಮುಚ್ಚಿ, ಆ ಮನೆಯ ಗಾಳಿಯನ್ನು ನಿಧಾನವಾಗಿ ಎಳೆದುಕೊಂಡ ಮೇಲೆಯೇ ಕಾಲಿಡುತ್ತಿದ್ದಳು. "ಅತ್ತಿಗೆ, ಹಾಲು ತಳ ಹಿಡಿದಿತ್ತಲ್ವಾ?" ಎಂದು ಅವಳು ಬಾಗಿಲಿನಿಂದಲೇ ಕೇಳಿದರೆ, ಪಾತ್ರೆಯನ್ನು ಉಜ್ಜಿ ಬೋರಲು ಹಾಕಿ ನಿಶ್ಚಿಂತೆಯಾಗಿದ್ದ ನನ್ನಮ್ಮ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಆ ಮೂಗೇ ಅವಳ ಜೀವನೋಪಾಯವಾಗಿತ್ತು. ಕಾಫಿಬೀಜ ಹುರಿಯುವ ಕಾರ್ಖಾನೆಯಲ್ಲಿ ಹದ ನೋಡಿ "ಇಳಿಸಿ" ಎನ್ನುವ ಅಧಿಕಾರ ಅವಳೊಬ್ಬಳದು. ಅಲ್ಲಿನ ಕಂದು ಬಣ್ಣದ ಉದ್ದನೆಯ ಕೋಟನ್ನು ಮನೆಗೆ ಬಂದರೂ ತೆಗೆಯುತ್ತಿರಲಿಲ್ಲ. ಅದನ್ನು ತೊಟ್ಟೇ ತರಕಾರಿ ಹೆಚ್ಚುತ್ತಿದ್ದಳು, ಮಾವನ ಮೇಲೆ ರೇಗುತ್ತಿದ್ದಳು, ನಮ್ಮನ್ನು ಅಪ್ಪಿಕೊಳ್ಳುತ್ತಿದ್ದಳು. ನನ್ನ ಬಾಲ್ಯದ ವಾತ್ಸಲ್ಯಕ್ಕೆಲ್ಲ ಹುರಿದ ಕಾಫಿಯ ಪರಿಮಳವೇ ಅಂಟಿಕೊಂಡಿದೆ.

ಒಂದು ಚಳಿಗಾಲದಲ್ಲಿ ಅವಳನ್ನು ಜ್ವರ ಹಿಡಿಯಿತು. ಜ್ವರ ಬಿಟ್ಟಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ಕಾಯೋಣ ಎಂದರು ವೈದ್ಯರು. ಕಾಯುತ್ತಿರುವಾಗಲೇ ಕೆಲಸ ಹೋಯಿತು. "ಆಯ್ತಲ್ಲ, ಇನ್ನೇನು," ಎಂದಳು ಅತ್ತೆ. ಮಳೆ ಬಂದರೂ ಅದೇ ಮಾತು, ಸಾವಿನ ಸುದ್ದಿ ಬಂದರೂ ಅದೇ ಮಾತು. ಅದರೊಳಗೆ ಎಷ್ಟು ನೋವಿದೆಯೆಂದು ಅಳೆಯುವುದು ನಮ್ಮಿಂದಾಗುತ್ತಿರಲಿಲ್ಲ.

ಅಳತೆ ಸಿಕ್ಕಿದ್ದು ಒಂದು ಮಧ್ಯಾಹ್ನ. ನಾನು ಹೋದಾಗ ಅವಳು ಅಡುಗೆಮನೆಯ ಮೇಜಿನ ಬಳಿ ಕುಳಿತು ಸಣ್ಣಗೆ ಹಾಡಿಕೊಳ್ಳುತ್ತ ಬಟಾಣಿ ಸುಲಿಯುತ್ತಿದ್ದಳು. ಅವಳ ಬೆನ್ನ ಹಿಂದೆ ಹಾಲು ಉಕ್ಕಿ ಒಲೆ ಆರಿಹೋಗಿ, ಕೋಣೆಯ ತುಂಬ ಗ್ಯಾಸಿನ ಘಾಟು ಕವಿದಿತ್ತು. ಹಿತ್ತಲಿನಿಂದ ಆಗಷ್ಟೇ ಬಂದ ಮಾವ ಗಾಬರಿಯಲ್ಲಿ ಫ್ಯಾನ್ ಹಾಕಲು ಕೈಚಾಚಿದರು. "ಸ್ವಿಚ್ ಮುಟ್ಬೇಡಿ ಮಾವ!" ಎಂದು ಕಿರುಚಿ, ನಾನು ಓಡಿಹೋಗಿ ಒಲೆಯ ನಾಬ್ ತಿರುಗಿಸಿ, ಕಿಟಕಿಗಳನ್ನೆಲ್ಲ ತೆರೆದೆ.

"ಏನಾಯ್ತೇ?" ಎಂದಳು ಅತ್ತೆ. ಆಮೇಲೆ ಒಲೆಯನ್ನು ನೋಡಿದಳು. ಆ ಮುಖವನ್ನು ನಾನು ಮರೆತಿಲ್ಲ. ಹೆದರಿಕೆಯ ಸುಳಿವೂ ಅಲ್ಲಿರಲಿಲ್ಲ. ತನ್ನ ಮನೆಯೇ ತನ್ನಿಂದ ಏನನ್ನೋ ಮುಚ್ಚಿಟ್ಟಿತೆಂಬ ಅವಮಾನವಿತ್ತು.

"ಸೋರಿದ್ರೆ ಕೂಗೋ ಯಂತ್ರ ಸಿಗತ್ತೆ, ಒಂದು ಹಾಕ್ಸೋಣ," ಎಂದರು ಮಾವ.

"ನನ್ನ ಅಡುಗೆಮನೇಲಿ ನನಗೆ ತಿಳೀದೇ ಇರೋದು ಯಾವುದೂ ಬೇಡ. ಗ್ಯಾಸೇ ಬೇಡ. ಎಲ್ಲಾ ಕರೆಂಟಿಗೆ ಹಾಕ್ಸಿ."

ಮರುದಿನವೇ ಕೋಟಿನ ತೋಳು ಮಡಚಿ ಯೋಜನೆಗಿಳಿದಳು. ಎಲೆಕ್ಟ್ರಿಷಿಯನ್ ಬಂದು, ಹಳೆಯ ವೈರು ಈ ಭಾರ ತಾಳದು, ಅಡುಗೆಮನೆಗೇ ಬೇರೆ ಲೈನ್ ಎಳೆಯಬೇಕು ಎಂದ. ಎಳೆ ಎಂದಳು. ಮೊದಲು ಬದಲಾಗಬೇಕಾದದ್ದು ಬಚ್ಚಲಿನ ಗ್ಯಾಸ್ ಗೀಸರ್, ಏಕೆಂದರೆ ಮಾವ ಚಿಲಕ ಹಾಕಿಕೊಂಡು ಹಾಡುತ್ತ ಗಂಟೆಗಟ್ಟಲೆ ಮೀಯುವವರು, ಮುಚ್ಚಿದ ಬಚ್ಚಲಲ್ಲಿ ಅದರ ವಿಷಗಾಳಿ ಯಾರ ಮೂಗಿಗೂ ತಿಳಿಯದು; ಒಲೆಯ ಸರದಿ ಕೊನೆಗೆ. ಇಂಡಕ್ಷನ್ ಒಲೆಗೆ ಅಯಸ್ಕಾಂತ ಹಿಡಿಯುವ ಪಾತ್ರೆಗಳೇ ಆಗಬೇಕೆಂದು ಕೇಳಿದ್ದೇ ತಡ, ಫ್ರಿಜ್ ಬಾಗಿಲಿನ ಅಯಸ್ಕಾಂತದ ಚಿಟ್ಟೆಯನ್ನು ಕಿತ್ತು ಪಾತ್ರೆಗಳ ಪರೀಕ್ಷೆಗೆ ಕುಳಿತಳು. ಕಬ್ಬಿಣದ ಕಾವಲಿ ಗೆದ್ದಿತು. ಅವಳ ತಾಯಿಯ ಕಾಲದ ತಾಮ್ರದ ತಪ್ಪಲೆಯ ಮೇಲೆ ಚಿಟ್ಟೆ ನಿಲ್ಲದೆ ಜಾರಿ ಮಡಿಲಿಗೆ ಬಿತ್ತು. ಇನ್ನೊಂದು ಬದಿಗೆ ಹಿಡಿದಳು, ಮತ್ತೆ ಜಾರಿತು. ತಪ್ಪಲೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿತ್ತು, "ನಿಮ್ಮಮ್ಮನಿಗೆ ಕೊಡು, ಅವಳ ಮನೇಲಿ ಉರಿ ಇದೆ," ಎಂದಳು.

ಮಾವನಿಗೆ ಮಾತ್ರ ಸಮಾಧಾನವಿಲ್ಲ. "ಬೆಂಕಿ ಕಾಣ್ದೇ ಇರೋದೂ ಒಂದು ಒಲೆಯಾ? ಬದನೆಕಾಯಿ ಎಲ್ಲಿ ಸುಡ್ತೀಯ?"

ಆದ್ದರಿಂದಲೇ ಸಿಲಿಂಡರ್ ಕಳಿಸುವ ಹಿಂದಿನ ಸಂಜೆ ಅವಳು ದಪ್ಪ ಬದನೆಕಾಯೊಂದನ್ನು ನೀಲಿ ಜ್ವಾಲೆಯ ಮೇಲೆ ಮಲಗಿಸಿ, ನನ್ನನ್ನು ಪಕ್ಕಕ್ಕೆ ಕರೆದಳು. "ಹೇಗಿದೆ ವಾಸನೆ, ಹೇಳು."

"ಹೊಗೆ... ಸುಟ್ಟ ಸಿಪ್ಪೆ."

"ಅದು ಯಾರಿಗಾದ್ರೂ ಬರತ್ತೆ. ಅದರ ಹಿಂದೆ ಏನಿದೆ?"

ನಾನು ಅವಳ ಹಾಗೆಯೇ ಗಲ್ಲವೆತ್ತಿ ಕಣ್ಣು ಮುಚ್ಚಿದೆ. ಬಹಳ ಹೊತ್ತಿನ ಮೇಲೆ, ಹೊಗೆಯ ಪರದೆಯಾಚೆ ತೆಳುವಾದದ್ದೇನೋ ತೇಲಿತು. "ಸಿಹಿ ಇದೆ ಅತ್ತೆ. ಸ್ವಲ್ಪವೇ ಸಿಹಿ."

ಅವಳ ಕಣ್ಣು ತುಂಬಿತು. "ಹಾಗಾದ್ರೆ ಬೆಂದಿದೆ," ಎಂದಳು. "ಇಳಿಸು."

ಹೊಸ ಒಲೆ ಬಂತು. ಹಾಲು ಉಕ್ಕುವ ಮುನ್ನ ಪಾತ್ರೆಯ ದನಿ ಬದಲಾಗುವುದನ್ನು ಅವಳು ಕಿವಿಯಿಂದ ಹಿಡಿಯಲು ಕಲಿತಳು. ಅನ್ನ ಕೆಲವು ದಿನ ಸೀದಿತು, ಮಾವ ಗೊಣಗಿ ಉಂಡರು, ಆಮೇಲೆ ಗೊಣಗದೆ ಉಂಡರು. ವಾಸನೆ ಮರಳಲೇ ಇಲ್ಲ. ಆದರೂ ತೀರಿಕೊಳ್ಳುವವರೆಗೆ ಆ ಅಡುಗೆಮನೆಯಲ್ಲಿ ಅವಳಿಗೆ ತಿಳಿಯದಂತೆ ಏನೂ ನಡೆಯಲಿಲ್ಲ.

ಕಳೆದುಕೊಂಡದ್ದನ್ನು ಹಾಡಿಕೊಂಡು ಅಳುವವರನ್ನು ನಾವು ಬೇಗ ಗುರುತಿಸುತ್ತೇವೆ, ಸಂತೈಸುತ್ತೇವೆ. ಅತ್ತೆಯಂಥವರು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ನಾವು ಸಮಾಧಾನದ ಮಾತು ಹುಡುಕಿ ಬಾಗಿಲು ತಟ್ಟುವಷ್ಟರಲ್ಲಿ ಅವರು ಗೋಡೆ ಕೊರೆಸಿ, ವೈರು ಎಳೆಸಿ, ಉಳಿದ ಬದುಕಿಗೆ ತಕ್ಕಂತೆ ಮನೆಯನ್ನು ತಿದ್ದಿಕೊಂಡಿರುತ್ತಾರೆ. ಆ ಗದ್ದಲದಲ್ಲಿ ಅವರ ಅಳು ನಮಗೆ ಕೇಳಿಸಿರುವುದಿಲ್ಲ.