ಮಂಜಿನಲ್ಲಿ ನಿಲ್ಲಿಸಿದ ಕಾರು

ದತ್ತಾತ್ರಿ ಮಾಸ್ತರರು ತೀರಿಕೊಂಡಾಗ ಅವರ ಮಗ ಸ್ವಪ್ನಿಲ ಬೀದರದ ಹೊರಗಿನ ಕೊಳಾರದ ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿದ್ದ. ಅಲ್ಲಿ ಒಳಗೆ ಫೋನು ಒಯ್ಯುವಂತಿಲ್ಲ. ಗೇಟಿನ ಬಳಿ ಇಟ್ಟು ಹೋಗಬೇಕು. ಪಾಳಿ ಮುಗಿಸಿ ಹೊರಗೆ ಬಂದು ಫೋನು ತೆಗೆದರೆ ಪರದೆಯ ತುಂಬ ಅಕ್ಕನ ಹೆಸರು. ಅವನು ಬೀದರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪನ ಮುಖದ ಮೇಲೆ ಬಿಳಿ ಬಟ್ಟೆ ಎಳೆದಾಗಿತ್ತು.

ಅಕ್ಕ ಕರುಣಾ ಗೋಡೆಗೆ ಒರಗಿ ಕೂತಿದ್ದಳು. ಅಪ್ಪನ ಕಾಯಿಲೆ ಜೋರಾದಾಗಿನಿಂದ ಅವರನ್ನು ಬೀದರದ ಮೈಲೂರಿನ ತನ್ನ ಮನೆಯಲ್ಲೇ ಇಟ್ಟುಕೊಂಡವಳು ಅವಳು. ಕೊನೆಯ ಗುಟುಕು ನೀರು ಹಾಕಿದ್ದೂ ಅವಳೇ. ತಾಯಿ ಕೇಶರಬಾಯಿ ಗಂಡನ ಕಾಲ ಬಳಿ ನಿಂತಿದ್ದರು. ಅಪ್ಪ ತನ್ನನ್ನು ಕೇಳಿದರೇ ಎಂದು ಸ್ವಪ್ನಿಲ ವಿಚಾರಿಸಿದ. ಕೇಳಿದರು ಎಂದು ಅಕ್ಕ ಹೇಳಿದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಊರು ಠಾಣಾ ಕುಶನೂರ. ಅಲ್ಲಿಗೆ ಸುದ್ದಿ ಹೋಗಿತ್ತು. ಬುದ್ಧ ವಿಹಾರದ ಮುಂದೆ ಜನ ಸೇರುತ್ತಿದ್ದಾರೆ, ಮಣ್ಣು ಮಾಡಿಸಲು ಔರಾದಿನಿಂದ ಭಿಕ್ಷು ಬಂತೇಜಿ ಬರುತ್ತಾರೆ, ಬೇಗ ಹೊರಡಿ ಎಂದು ಫೋನಿನ ಮೇಲೆ ಫೋನು ಬಂತು. ಬಾಡಿಗೆ ವ್ಯಾನಿನಲ್ಲಿ ಅಪ್ಪನನ್ನು ಮಲಗಿಸಿದರು. ಕೇಶರಬಾಯಿ ಅದರಲ್ಲೇ ಕೂತರು. ವ್ಯಾನಿನ ಡ್ರೈವರ್ ಮುಬಶ್ಶೀರ ಮೆತ್ತನೆಯ ಮನುಷ್ಯ. ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಹಿಂದೆ ಅಕ್ಕನ ಕಾರು. ಸ್ವಪ್ನಿಲ ಅವಳ ಕೈಯಿಂದ ಕೀಲಿ ತೆಗೆದುಕೊಂಡ. ನಿನಗೆ ರಾತ್ರಿಯಿಡೀ ನಿದ್ದೆ ಇಲ್ಲ, ನಾನೇ ನಡೆಸುತ್ತೇನೆ ಎಂದಳು ಅಕ್ಕ. ಅವನು ಕೇಳಲಿಲ್ಲ. ಅಪ್ಪನಿಗಾಗಿ ಕೈಯಿಂದ ಮಾಡುವ ಕೆಲಸ ಅದೊಂದೇ ಉಳಿದಿದೆ ಎಂದು ಅವನಿಗೆ ಅನಿಸಿತ್ತು.

ಬೀದರ ಬಿಡುವವರೆಗೆ ತೆಳ್ಳಗಿದ್ದ ಮಂಜು ಮಾಂಜ್ರಾ ನದಿಯ ಹತ್ತಿರ ಬರುತ್ತಲೇ ದಟ್ಟವಾಯಿತು. ಬೆಳಗಾಗಿದ್ದರೂ ಸೂರ್ಯನ ಗುರುತಿಲ್ಲ. ಸೇತುವೆಯ ಕಟಕಟೆ ಕಂಡಿತು, ನದಿ ಕಾಣಲಿಲ್ಲ. ಮುಂದಿನ ವ್ಯಾನಿನ ಕೆಂಪು ದೀಪಗಳು ಒಮ್ಮೆ ಕಾಣುತ್ತಿದ್ದವು, ಒಮ್ಮೆ ಮಾಯವಾಗುತ್ತಿದ್ದವು. ಅಪ್ಪ ಎಲ್ಲಿ ತಪ್ಪಿಹೋಗುತ್ತಾರೋ ಎಂಬ ಹುಚ್ಚು ಭಯ ಸ್ವಪ್ನಿಲನನ್ನು ಹೊಕ್ಕಿತು. ಅವನು ಹೆಡ್‌ಲೈಟನ್ನು ಅಪ್ಪರಿಗೆ ಹಾಕಿ ಬೆಳಕನ್ನು ದೂರಕ್ಕೆ ಎತ್ತಿದ. ನಾಲ್ಕೂ ಇಂಡಿಕೇಟರ್ ಹಚ್ಚಿದ. ವ್ಯಾನಿಗೆ ಅಂಟಿದಂತೆ ನಡೆಸತೊಡಗಿದ. ಕಾರಿನ ಮುಂದೆ ಸುಣ್ಣ ಬಳಿದ ಗೋಡೆ ಎದ್ದು ನಿಂತಂತಾಯಿತು. ದೀಪದ ಬೆಳಕೆಲ್ಲ ಮಂಜಿಗೆ ಬಡಿದು ತಿರುಗಿ ಕಣ್ಣಿಗೇ ಬರುತ್ತಿತ್ತು.

ಕರುಣಾ ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಚಳಿಗಾಲವೆಲ್ಲ ಇದೇ ಕಾರಿನಲ್ಲಿ, ಇಂಥದ್ದೇ ಮಂಜಿನಲ್ಲಿ ಹೋಗಿ ಬಂದವಳು. ಡಿಪ್ಪರಿಗೆ ಹಾಕು, ಕೆಳಗೆ ಬೀಳುವ ಬೆಳಕಿನಲ್ಲೇ ರಸ್ತೆ ಕಾಣುತ್ತದೆ ಎಂದು ಮೆಲ್ಲಗೆ ಹೇಳಿದಳು. ಅವನು ದೀಪ ಇಳಿಸಲಿಲ್ಲ. ಇನ್ನಷ್ಟು ದೂರ ಹೋದ ಮೇಲೆ ವ್ಯಾನು ನಿಧಾನವಾಯಿತು, ಒಂದು ಧಾಬಾದ ಅಂಗಳಕ್ಕೆ ಇಳಿದು ನಿಂತಿತು. ಮುಬಶ್ಶೀರ ಇಳಿದು ಬಂದು ಕಾರಿನ ಕಿಟಕಿಗೆ ಬಾಗಿದ.

“ಭಾಯಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಲೈಟು ನನ್ನ ಕನ್ನಡಿದಾಗ ಬಿದ್ದು ಮುಂದಿಂದು ಏನೂ ಕಾಣವಲ್ದು. ಇಂಡಿಕೇಟರೂ ಹಂಗೇ ರೀ. ನಿಂತ ಗಾಡಿಗಿ ಹಾಕೂದು ಅದು. ನೀವು ಹೊಂಟಾವ್ರೋ ನಿಂತಾವ್ರೋ ಹಿಂದಿನವ್ರಿಗಿ ಹ್ಯಾಂಗ ತಿಳೀಬೇಕು?”

ಸ್ವಪ್ನಿಲನಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಮಲಗಿದವರು ತನ್ನ ಅಪ್ಪ, ಅವರ ಹಿಂದೆ ಹ್ಯಾಗೆ ಬರಬೇಕು ಎಂದು ಇನ್ನೊಬ್ಬರಿಂದ ಕಲಿಯಬೇಕಾಗಿಲ್ಲ ಎಂದುಬಿಟ್ಟ. ಮುಬಶ್ಶೀರ ತಲೆ ತಗ್ಗಿಸಿ ನಿಂತ. ಅಷ್ಟರಲ್ಲಿ ವ್ಯಾನಿನ ಕಿಟಕಿಯಿಂದ ಕೇಶರಬಾಯಿಯ ದನಿ ಬಂತು.

“ಸ್ವಪ್ನಿಲ, ಗಾಡಿ ಅಕ್ಕನ ಕೈಯಾಗ ಕೊಡು.”

ತಾಯಿ ಬೆಳಗಿನಿಂದ ಆಡಿದ ಮೊದಲ ಮಾತು ಅದು. ಅವನು ಇಳಿದು ಆ ಕಡೆ ಹೋಗಿ ಕೂತ.

ಕರುಣಾ ಡಿಪ್ಪರಿಗೆ ಹಾಕಿದಳು. ಇಂಡಿಕೇಟರ್ ಆರಿಸಿದಳು. ಗಾಜನ್ನು ಒಂದಿಷ್ಟು ಇಳಿಸಿ ಕಿವಿಗೊಟ್ಟಳು. ವ್ಯಾನಿನಿಂದ ಸಾಕಷ್ಟು ದೂರ ಬಿಟ್ಟು, ಎಡಗಡೆಯ ಬಿಳಿ ಗೆರೆಯನ್ನು ನೋಡುತ್ತ ನಡೆಸಿದಳು. ಗೋಡೆ ಕರಗಿ ರಸ್ತೆ ಒಂದು ಚಾಪೆಯಷ್ಟು ಕಾಣತೊಡಗಿತು. ಸ್ವಪ್ನಿಲ ಅದನ್ನು ನೋಡಿದ, ನೋಡಿಯೂ ಮುಖ ಆ ಕಡೆ ತಿರುಗಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಅಪ್ಪ ಏನಂತ ಕೇಳಿದರು ಎಂದ. ಸ್ವಪ್ನಿಲ ಉಂಡು ಹೋದನೋ ಇಲ್ಲೋ ಅಂತ, ಎಂದಳು ಅವಳು.

ಸಂತಪುರ ದಾಟಿ ಠಾಣಾ ಕುಶನೂರಿನ ದಾರಿ ಹಿಡಿದ ಮೇಲೆ ವ್ಯಾನಿನ ಬ್ರೇಕಿನ ದೀಪ ಒಮ್ಮೆಲೇ ಉರಿಯಿತು. ಕರುಣಾ ನಡುವೆ ಜಾಗ ಬಿಟ್ಟಿದ್ದರಿಂದ ಕಾರು ಸಾವಕಾಶ ನಿಂತಿತು. ಇಳಿದು ನೋಡಿದರೆ ವ್ಯಾನಿನ ಮೂತಿಯ ಮುಂದೆ, ಇನ್ನೇನು ತಾಗಬೇಕು ಎನ್ನುವಲ್ಲಿ, ತೊಗರಿ ಚೀಲ ಹೇರಿದ ಒಂದು ಟ್ರಾಲಿ. ಹಿಂದೆ ದೀಪವಿಲ್ಲ, ಹೊಳೆಯುವ ಕೆಂಪು ಪಟ್ಟಿಯೂ ಇಲ್ಲ. ಚೀಲಗಳ ಬಣ್ಣ, ಮಣ್ಣು ಮೆತ್ತಿದ ಹಲಗೆಯ ಬಣ್ಣ, ಮಂಜಿನ ಬಣ್ಣ ಎಲ್ಲ ಒಂದೇ ಆಗಿಬಿಟ್ಟಿತ್ತು.

ಟ್ರ್ಯಾಕ್ಟರಿನವನು ಗುಲಾಮ ರಸೂಲ ಎಂಬ ವಯಸ್ಸಾದ ರೈತ. ಭಾಲ್ಕಿ ಮಾರ್ಕೆಟ್ಟಿಗೆ ಹೊರಟಿದ್ದ. ನಡುದಾರಿಯಲ್ಲಿ ಇಂಜಿನ್ ಬಂದಾಗಿ, ಬ್ಯಾಟರಿಯೂ ಸತ್ತು, ಗಾಡಿ ರಸ್ತೆಯ ಮೇಲೆಯೇ ನಿಂತುಬಿಟ್ಟಿತ್ತು. ಅವನು ಬದುವಿನಿಂದ ತೊಗರಿ ಕಟ್ಟಿಗೆ ತಂದು ಟ್ರಾಲಿಯ ಹಿಂದೆ ಬೆಂಕಿ ಹಚ್ಚಲು ನೋಡುತ್ತಿದ್ದ. ಇಬ್ಬನಿಗೆ ತೊಯ್ದ ಕಟ್ಟಿಗೆ ಹೊತ್ತದೆ ಬರೀ ಹೊಗೆಯಾಡುತ್ತಿತ್ತು. ವ್ಯಾನಿನೊಳಗೆ ಯಾರಿದ್ದಾರೆಂದು ತಿಳಿದಾಗ ಅವನು ಟೊಪ್ಪಿಗೆ ಸರಿಮಾಡಿಕೊಂಡು ಕೈ ಮುಗಿದ. ಮುಬಶ್ಶೀರ, ಸ್ವಪ್ನಿಲ, ಅವನು ಮೂವರೂ ಹೆಗಲು ಕೊಟ್ಟು ತಳ್ಳಿದರು. ಟ್ರಾಲಿ ಅಲುಗಲಿಲ್ಲ.

ಊರಿನಿಂದ ಮತ್ತೆ ಫೋನು ಬಂತು. ಎಲ್ಲಿದ್ದೀರಿ, ಜನ ಕಾಯುತ್ತಿದ್ದಾರೆ. ಗುಲಾಮ ರಸೂಲನೇ, ನೀವು ಹೋಗಿರಿ, ಮಣ್ಣಿಗೆ ಹೊತ್ತಾಗುತ್ತದೆ, ನಾನು ಹ್ಯಾಗೋ ನೋಡಿಕೊಳ್ಳುತ್ತೇನೆ ಎಂದ. ಕರುಣಾ ಹಿಂದಿನ ರಸ್ತೆಯ ಕಡೆ ನೋಡಿದಳು. ಇದು ಔರಾದಿನಿಂದ ಭಾಲ್ಕಿಗೆ ಹೋಗುವ ಬಸ್ಸಿನ ದಾರಿ ಎಂಬುದು ಅವಳಿಗೆ ಗೊತ್ತಿತ್ತು.

“ನಾ ಕಾರು ಹಿಂದ ಹಚ್ಚಿ ನಿಲ್ತೇನಿ. ನೀವು ಅಪ್ಪನ್ನ ಕರ್ಕೊಂಡು ನಡೀರಿ” ಎಂದಳು.

ಸ್ವಪ್ನಿಲ ಅಕ್ಕನ ಮುಖ ನೋಡಿದ. ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಅಪ್ಪನ ಹಾಸಿಗೆಯ ಪಕ್ಕ ಎಷ್ಟೋ ರಾತ್ರಿ ಕೂತವಳು ಈಗ ಅವರನ್ನು ಊರಿಗೆ ಕಳಿಸಿ ತಾನು ರಸ್ತೆಯಲ್ಲಿ ಉಳಿಯುತ್ತೇನೆ ಎನ್ನುತ್ತಿದ್ದಳು.

“ಬ್ಯಾಡ ಅಕ್ಕಾ. ಇಷ್ಟು ದಿನ ನೀ ಅಪ್ಪನ ಸಂಗಾಟ ಇದ್ದಿ. ಈಗೂ ನೀನೇ ಇರು. ಇಲ್ಲಿ ನಾ ನಿಲ್ತೇನಿ.”

ಅವಳು ತಾಯಿಯ ಕಡೆ ನೋಡಿದಳು. ಕೇಶರಬಾಯಿ ಗಂಡನ ಮೇಲಿನ ಬಟ್ಟೆಯ ಅಂಚನ್ನು ಸರಿಮಾಡುತ್ತ, ಮಗನಿಗೆ ಹೇಳಿದರು:

“ಮಂಜು ಹರಿಯೂತನಕ ನಿಲ್ಲು. ನೀ ಬರೂತನಕ ನಾವು ಏನೂ ಮಾಡಾಂಗಿಲ್ಲ.”

ಕರುಣಾ ಕಾರನ್ನು ಟ್ರಾಲಿಯಿಂದ ಬಹಳ ಹಿಂದೆ, ಎಡಗಡೆಯ ಗಾಲಿಗಳು ಮಣ್ಣಿಗಿಳಿಯುವಂತೆ ನಿಲ್ಲಿಸಿಕೊಟ್ಟಳು. ನಾಲ್ಕೂ ಇಂಡಿಕೇಟರ್ ಹಚ್ಚಿದಳು. ಈಗ ಇವು ಬೇಕು ಎಂದಳು. ಕಾರಿನೊಳಗೆ ಕೂರಬೇಡ, ಯಾರಾದರೂ ಬಂದು ಬಡಿದರೆ ಏನು ಗತಿ, ಹೊಲದ ಕಡೆ ದೂರ ನಿಲ್ಲು ಎಂದು ಮತ್ತೆ ಮತ್ತೆ ಹೇಳಿದಳು. ಆಮೇಲೆ ವ್ಯಾನು ಹತ್ತಿದಳು. ಕೆಂಪು ದೀಪಗಳು ಮಂಜಿನೊಳಗೆ ಹೋದವು. ಸ್ವಪ್ನಿಲ ಕೈ ಜೋಡಿಸಿ ನಿಂತಿದ್ದ.

ಬದುವಿನ ಮೇಲೆ ಅವನೂ ಗುಲಾಮ ರಸೂಲನೂ ಉಳಿದರು. ಇಂಡಿಕೇಟರಿನ ಹಳದಿ ಬೆಳಕು ಹತ್ತಿ ಆರುತ್ತಿತ್ತು. ಮಂಜು ತೊಗರಿ ಗಿಡಗಳಿಂದ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಅಪ್ಪ ಏನು ಮಾಡುತ್ತಿದ್ದರು ಎಂದು ಮುದುಕ ಕೇಳಿದ. ಸಾಲಿ ಮಾಸ್ತರ್, ಎಂದ ಸ್ವಪ್ನಿಲ. ಅಷ್ಟು ಹೇಳಿದ್ದೇ ತಡ ಮಾತು ಬರತೊಡಗಿತು. ಹೋದ ಭಾನುವಾರ ಅಪ್ಪನ ಗಡ್ಡ ತೆಗೆದದ್ದು, ರಾತ್ರಿ ಪಾಳಿ ಬೇಡ ಎನ್ನಬಹುದಾಗಿತ್ತು, ಎನ್ನಲಿಲ್ಲ ಎಂಬುದು, ಎಲ್ಲ ಹೇಳಿದ. ಗುಲಾಮ ರಸೂಲ ಸಮಾಧಾನ ಹೇಳಲು ಹೋಗಲಿಲ್ಲ. ತನ್ನ ಹೆಗಲ ಮೇಲಿನ ಶಾಲನ್ನು ತೆಗೆದು ಅವನಿಗೆ ಹೊದಿಸಿದ.

ಹಿಂದಿನಿಂದ ದಪ್ಪ ಇಂಜಿನ್ನಿನ ಸದ್ದು ಕೇಳಿತು. ಸದ್ದು ಬಂತು, ಗಾಡಿ ಕಾಣಲಿಲ್ಲ. ಮುದುಕ ಸ್ವಪ್ನಿಲನ ಮೊಳಕೈ ಹಿಡಿದು ಇನ್ನೂ ಹಿಂದಕ್ಕೆ ಎಳೆದ. ಬಿಳಿಯೊಳಗಿಂದ ಎರಡು ಮಂಕು ದೀಪ ಹೊರಟವು, ಅವುಗಳ ಮೇಲೆ ಬಸ್ಸಿನ ಗಾಜು. ಬ್ರೇಕು ಕಿರುಚಿತು. ಟೈರುಗಳು ಒದ್ದೆ ರಸ್ತೆಯ ಮೇಲೆ ಜಾರಿದವು. ಕಾರಿನ ಪಕ್ಕಕ್ಕೆ ಸರಿದ ಬಸ್ಸು, ಟ್ರಾಲಿಗೆ ಮುಟ್ಟಲು ಇನ್ನೂ ಒಂದು ಎತ್ತಿನ ಬಂಡಿ ಹಿಡಿಸುವಷ್ಟು ಜಾಗ ಇರುವಾಗಲೇ ನಿಂತಿತು. ಡ್ರೈವರ್ ಸ್ಟಿಯರಿಂಗ್ ಬಿಡದೆ ಕೂತೇ ಇದ್ದ. ಹಳದಿ ಕಂಡಾಗಲೇ ಬ್ರೇಕು ಒತ್ತಿದೆ, ಟ್ರಾಲಿ ಈಗಷ್ಟೇ ಕಾಣುತ್ತಿದೆ ಎಂದು ಕಂಡಕ್ಟರನಿಗೆ ಹೇಳುತ್ತಿದ್ದ.

ಬಾಗಿಲಿನಿಂದ ಜನ ಇಳಿದರು. ಅವರಲ್ಲಿ ಬಿಳಿ ಸೀರೆಯ ಒಬ್ಬ ಮುದುಕಿ ಸ್ವಪ್ನಿಲನನ್ನು ಗುರುತಿಸಿ ನಿಂತಳು. ಔರಾದಿನಲ್ಲಿರುವ ಅವನ ಸೋದರತ್ತೆ ಕಾಂತಾಬಾಯಿ. ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಅವಳ ಹಿಂದೆ ಅವಳ ಮಕ್ಕಳು, ಸೊಸೆಯರು, ಓಣಿಯ ನಾಲ್ಕಾರು ಮಂದಿ. ಎಲ್ಲರೂ ಮಣ್ಣಿಗೆ ಹೊರಟವರೇ.

“ಅಣ್ಣನ್ನ ಬಿಟ್ಟು ನೀ ಇಲ್ಲಿ ಯಾಕ ನಿಂತೀದಪ್ಪಾ?” ಎಂದಳು.

ಅವನು ಟ್ರಾಲಿಯನ್ನು ತೋರಿಸಿದ. ಕಾಂತಾಬಾಯಿ ಅದನ್ನು ನೋಡಿದಳು, ಬಸ್ಸನ್ನು ನೋಡಿದಳು, ಬಸ್ಸಿನ ಮೆಟ್ಟಿಲಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಸೊಸೆಯನ್ನು ನೋಡಿದಳು. ಆಮೇಲೆ ಅವನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಬಾರದಿದ್ದ ಸ್ವಪ್ನಿಲ ಅತ್ತೆಯ ಹೆಗಲಿಗೆ ತಲೆ ಇಟ್ಟು ಅತ್ತ.

ಬಸ್ಸಿನ ಗಂಡಸರೆಲ್ಲ ಸೇರಿ ಟ್ರ್ಯಾಕ್ಟರನ್ನು ತಳ್ಳಿ ರಸ್ತೆಯಿಂದ ಕೆಳಗಿಳಿಸಿದರು. ಬಸ್ಸು ಹೊರಟಿತು. ತನ್ನ ಜೊತೆ ಬಾ ಎಂದು ಅತ್ತೆ ಕರೆದಳು. ಟ್ರಾಲಿಯ ಮೂಲೆ ಇನ್ನೂ ಅಂಚಿಗೆ ಚಾಚಿಕೊಂಡಿದೆ, ರಸ್ತೆ ಪೂರಾ ಕಾಣಲಿ, ಆಮೇಲೆ ಬರುತ್ತೇನೆ ಎಂದು ಅವನು ಉಳಿದ. ಬಿಸಿಲು ಬಿದ್ದು, ದೂರದ ಬೇವಿನ ಮರದವರೆಗೆ ದಾರಿ ಬಿಚ್ಚಿಕೊಂಡ ಮೇಲೆ ಶಾಲನ್ನು ಮಡಿಸಿ ಗುಲಾಮ ರಸೂಲನಿಗೆ ಕೊಟ್ಟು ಹೊರಟ.

ಠಾಣಾ ಕುಶನೂರಿನಲ್ಲಿ ವಿಹಾರದ ಮುಂದೆ ಜನ ಗುಂಪುಗುಂಪಾಗಿ ಕೂತಿದ್ದರು. ತಡವಾಯಿತು ಎಂದು ಕೆಲವರು ಗೊಣಗಿದ್ದರಂತೆ. ಕೇಶರಬಾಯಿ ಯಾರಿಗೂ ಉತ್ತರ ಕೊಟ್ಟಿರಲಿಲ್ಲ, ಹೆಣದ ಪಕ್ಕದಿಂದ ಎದ್ದಿರಲಿಲ್ಲ. ಕಾಂತಾಬಾಯಿಯ ಮಂದಿ ಬಂದು ದಾರಿಯ ಸುದ್ದಿ ಹೇಳಿದ ಮೇಲೆ ಗೊಣಗುವವರೂ ಸುಮ್ಮನಾಗಿದ್ದರು. ಸ್ವಪ್ನಿಲ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಕರುಣಾ ಸರಿದು ಜಾಗ ಮಾಡಿದಳು. ತಾಯಿ ತಲೆ ಎತ್ತಿ ಕೇಳಿದರು:

“ಆ ಟ್ರ್ಯಾಕ್ಟರದವ್ರದು ಏನಾತು?”

“ಬಾಜೂಕ ಹಚ್ಚೀವವ್ವ. ಅವರ ಅಳಿಯ ಬ್ಯಾಟರಿ ತರ್ಲಿಕತ್ತಾನಂತ.”

ಕೇಶರಬಾಯಿ ತಲೆಯಾಡಿಸಿದರು. ಬಂತೇಜಿ ಎದ್ದು ನಿಂತರು. ಹೊರಗೆ ಕೂತವರೂ ಒಬ್ಬೊಬ್ಬರಾಗಿ ಎದ್ದರು. ತಾಯಿ ಕೊನೆಯ ಸ್ನಾನದ ನೀರಿನ ತಂಬಿಗೆಯನ್ನು ಮಗನ ಕೈಗೆ ಕೊಟ್ಟರು. ಅಕ್ಕ ಅಪ್ಪನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದಳು. ಸ್ವಪ್ನಿಲ ನೀರನ್ನು ಮೊದಲು ತನ್ನ ಬೆರಳಿಗೆ ಹಾಕಿಕೊಂಡು, ಬೆಚ್ಚಗಿದೆಯೆಂದು ನೋಡಿ, ಅಪ್ಪನ ಹಣೆಯ ಮೇಲೆ ಸುರಿದ.