ಎಡಗೈಯ ಐದು ಮನೆ

ಶಾಯಿ ಇಷ್ಟು ತಣ್ಣಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ, ಬಲಗೈ ಹೆಬ್ಬೆರಳಿಗೆ ಹತ್ತಿದ್ದೇ ತಡ ಸಣ್ಣದೊಂದು ಚಳಿ ಮೊಣಕೈವರೆಗೆ ಓಡಿತು, ಬೆರಳು ಸಡಿಲ ಬಿಡಮ್ಮಾ, ನೀನು ಒತ್ತಬೇಡ, ಉರುಳಿಸೋದು ನನ್ನ ಕೆಲಸ, ಅನ್ನುತ್ತಾರೆ ಮೇಜಿನಾಚೆ ಕೂತ ಹೆಡ್ ಕಾನ್‌ಸ್ಟೇಬಲ್ ಮೇಡಂ, ಮೂಗಿನ ತುದಿಗೆ ಜಾರಿದ ಕನ್ನಡಕ, ತೋಳಿನ ಮೇಲೆ ಪಟ್ಟಿ, ಬೆರಳ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು — ಒತ್ತಬೇಡ ಅಂದರೆ ಹೇಗೆ, ಎಂಟು ವರ್ಷದಿಂದ ಈ ಕೈಗಳು ಕಲಿತದ್ದು ಅದೊಂದನ್ನೇ, ಎರಡು ಹಸಿರು ಗುಂಡಿ, ಎಡಗೈಗೊಂದು, ಬಲಗೈಗೊಂದು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಯಂತ್ರದ ತಲೆ ಧಡ್ಡನೆ ಕೆಳಗಿಳಿದು ತಗಡನ್ನು ಡಬ್ಬಿಯ ಮುಚ್ಚಳ ಮಾಡುತ್ತದೆ, ಕೈಗಳೆರಡೂ ಗುಂಡಿಯ ಮೇಲಿರುವಾಗ ಯಂತ್ರದ ಬಾಯಿಗೆ ಸಿಕ್ಕುವುದು ಸಾಧ್ಯವಿಲ್ಲ, ಅದಕ್ಕೇ ಎರಡು ಗುಂಡಿ, ಅಷ್ಟೇ ಅದರ ಗುಟ್ಟು, ಒತ್ತು, ಬಿಡು, ಒತ್ತು, ಬಿಡು — ಕಾಗದದ ಮೇಲೆ ಹತ್ತು ಮನೆ, ಮೇಲಿನ ಸಾಲಿನಲ್ಲಿ ಬಲಗೈಯ ಐದು, ಕೆಳಗಿನ ಸಾಲಿನಲ್ಲಿ ಎಡಗೈಯ ಐದು, ಮಕ್ಕಳು ಬೀದಿಯಲ್ಲಿ ಸೀಮೆಸುಣ್ಣದಿಂದ ಗೀಚಿಕೊಂಡು ಕುಂಟುವ ಮನೆಗಳ ಹಾಗೆ, ಮೊದಲನೆಯ ಮನೆಯಲ್ಲಿ ಅವಳ ಹೆಬ್ಬೆರಳು ಕಪ್ಪಗೆ ಹೋಗಿ ಕೂತಿತು. ಮೇಡಂ ಬಗ್ಗಿ ನೋಡುತ್ತಾರೆ, ಗೆರೆಗಳೇ ಸವೆದುಹೋಗಿವೆಯಲ್ಲೇ, ಏನು ಕೆಲಸ ನಿಂದು, ಮುಚ್ಚಳದ ಕಾರ್ಖಾನೆ ಮೇಡಂ, ಹ್ಞೂಂ, ಕಳ್ಳತನಕ್ಕೆ ನಿಮ್ಮಂಥವರೇ ಸರಿ ಬಿಡು, ಗುರುತೇ ಸಿಗಲ್ಲ, ಎಂದು ತಮ್ಮ ಮಾತಿಗೆ ತಾವೇ ನಕ್ಕು, ಮತ್ತೆ ಅವಳ ಕಾನ್‌ಸ್ಟೇಬಲ್ ಕೆಲಸದ ಅರ್ಜಿಯ ಹಾಳೆ ತಿರುವಿ, ಅಲ್ಲಾ, ಹನ್ನೆರಡನೇ ಕಾಲಂ ಖಾಲಿ ಬಿಟ್ಟಿದ್ದೀಯಲ್ಲ, ಈ ಹಿಂದೆ ಯಾವುದಾದರೂ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದರೆ ವಿವರ, ಇಲ್ಲ ಅಂತ ಬರೆದುಬಿಡು, ಎಲ್ಲರೂ ಹಾಗೇ ಬರೀತಾರೆ, ಹತ್ತನೇ ಬೆರಳು ಆಗೋದ್ರೊಳಗೆ ಯೋಚಿಸ್ಕೋ, ಆಮೇಲೆ ಒಂದು ಸಹಿ ಹಾಕಿದ್ರೆ ಮುಗೀತು, ನೀನು ನಮ್ಮವಳು.

ತೋರುಬೆರಳು. ನಮ್ಮವಳು ಎಂಬ ಮಾತು ಕಿವಿಯಲ್ಲೇ ಉಳಿಯಿತು, ಯಾರವಳು ತಾನು, ಮೊನ್ನೆ ಕಾರ್ಖಾನೆಯ ನಲ್ಲಿಯ ಹತ್ತಿರ ಹೆಂಗಸರು ಕೇಳಿದ್ದೂ ಇದನ್ನೇ, ಪಕ್ಕದ ಸಾಲಿನ ದಪ್ಪಕ್ಕ, ಬಾಯಿ ತೆರೆದರೆ ಇಡೀ ಶೆಡ್ಡಿಗೆ ಕೇಳಬೇಕು, ಹೋಗಮ್ಮಾ ಹೋಗು, ನಾಳೆ ನಾವು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತಾಗ ನೀನು ಆ ಕಡೆ ಲಾಠಿ ಹಿಡ್ಕೊಂಡು ನಿಂತಿರ್ತೀಯ, ಹೊಡೆಯೋದಾದ್ರೆ ನನ್ನ ಬೆನ್ನಿಗೇ ಹೊಡಿ, ಮಾಂಸ ಜಾಸ್ತಿ ಇದೆ, ತಡ್ಕೊಳ್ತೀನಿ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಕ್ಕು ಬಾಟಲಿ ತುಂಬಿಸಿಕೊಂಡು ಯಂತ್ರದ ಕಡೆ ನಡೆದಳು — ಉತ್ತರ ಕಂಕುಳಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಸೇರಬೇಕು ಎಂದು ಎಲ್ಲಿ ಬರೆದಿದೆ, ಆ ದಿನ ಬರಲಿ, ದಪ್ಪಕ್ಕನ ಬೆನ್ನೂ ಇರುತ್ತದೆ, ತನ್ನ ಕೈಯೂ ಇರುತ್ತದೆ, ಎತ್ತುವುದೋ ಬಿಡುವುದೋ ಆವತ್ತಿನ ಮಾತು. ನಡುಬೆರಳು. ಪೊಲೀಸ್ನೋಳನ್ನ ಯಾರು ಕಟ್ಕೊಳ್ತಾರೆ, ಇದು ಸೋದರಮಾವ, ಕಾಲ ಮೇಲೆ ಕಾಲು ಹಾಕಿ, ಅವಳೇ ತಂದಿಟ್ಟ ಚಹಾ ಹೀರುತ್ತಾ, ಕಟ್ಕೊಳ್ಳೋಕೆ ನಾನೇನು ಕೈಗಡಿಯಾರಾನಾ ಮಾವ, ನೋಡಿದೆಯಾ ನಾಲಿಗೆ, ಇದು ಒಳಗಿನಿಂದ ಅಮ್ಮ, ಆ ನಾಲಿಗೆಗೆ ಒಂದು ಟೋಪಿ ಬೇರೆ ಹಾಕ್ತಾರಂತೆ, ಮನೆತನದಲ್ಲಿ ಯಾರೂ ಠಾಣೆ ಮೆಟ್ಟಿಲು ಹತ್ತಿಲ್ಲ ಕಣೇ, ಹತ್ತಿದ್ದೀವಲ್ಲಮ್ಮ, ಒಂದು ಸಲ ಹತ್ತಿದ್ದೀವಲ್ಲ, ಅಂದಿದ್ದಳು, ಅಮ್ಮ ಕೈಯೊರೆಸುವ ಬಟ್ಟೆಯನ್ನು ಹಿಂಡಿದಳು, ಒಣಗಿದ ಬಟ್ಟೆ, ಒಂದು ಹನಿಯೂ ಬೀಳಲಿಲ್ಲ. ಆದರೂ ಓಡಿದಳಲ್ಲ, ಹೋದ ತಿಂಗಳು ಮೈದಾನದಲ್ಲಿ, ನಲವತ್ತು ಹುಡುಗಿಯರ ಮಧ್ಯೆ, ಓದಿದವರು, ಬೂಟು ಹಾಕಿದವರು, ಮೂರನೇ ಸುತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂತರು, ಅವಳ ಕಾಲುಗಳು ದಿನಕ್ಕೆ ಹತ್ತು ಗಂಟೆ ಕಬ್ಬಿಣದ ಪಕ್ಕ ನಿಂತ ಕಾಲುಗಳು, ಅವಕ್ಕೆ ಓಟವೆಂದರೆ ರಜೆ, ಮಣ್ಣು ಮೆತ್ತಗಿತ್ತು, ಗಾಳಿಯಲ್ಲಿ ಎಣ್ಣೆಯ ವಾಸನೆ ಇರಲಿಲ್ಲ, ಸೀಟಿ ಊದಿದ ಮೇಲೂ ಒಂದು ಸುತ್ತು ಹೆಚ್ಚು ಓಡಿದಳು, ಏಯ್ ನಿಲ್ಲೇ, ಮುಗೀತು, ಎಂದು ಕೂಗುತ್ತಿದ್ದಾರೆ, ಇವಳಿಗೆ ನಿಲ್ಲುವ ಮನಸ್ಸಿಲ್ಲ — ಬೇಕು ಈ ಕೆಲಸ, ಬೇಕು ಅಷ್ಟೇ, ನ್ಯಾಯ ಗೀಯ ಎನ್ನುವ ದೊಡ್ಡ ಮಾತು ಅವಳಿಗೆ ಬೇಡ, ಆ ಕುರ್ಚಿ ಬೇಕು, ಆರು ವರ್ಷದ ಹಿಂದೆ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ರೈಟರ್ ಸಾಹೇಬರು ಕೂತಿದ್ದ ಕುರ್ಚಿ, ಪೆನ್ನು ಹಿಡಿದವನ ಕುರ್ಚಿ.

ಉಂಗುರದ ಬೆರಳು ಹಟಮಾರಿ, ಒಂಟಿಯಾಗಿ ಬಗ್ಗುವುದಿಲ್ಲ, ಮೇಡಂ ಅದರ ಗೆಣ್ಣು ಹಿಡಿದು ಎಡದಿಂದ ಬಲಕ್ಕೆ ಉರುಳಿಸುತ್ತಾರೆ, ಯಾಕಮ್ಮಾ ಬಿಗಿ ಹಿಡಿದಿದ್ದೀಯ, ನಾನೇನು ಕಿತ್ಕೊಳ್ತೀನಾ — ಬೆರಳು ಕಿತ್ತುಕೊಂಡದ್ದು ಯಂತ್ರ, ಇವಳದಲ್ಲ, ಅಕ್ಕನದು, ಅಕ್ಕ ಪಕ್ಕದ ಯಂತ್ರದವಳು, ಒಡಹುಟ್ಟಿದ ಅಕ್ಕ, ಐದು ವರ್ಷ ದೊಡ್ಡವಳು, ಕೈ ಹಿಡಿದು ಕಾರ್ಖಾನೆಗೆ ಸೇರಿಸಿದವಳು, ಮೊದಲ ದಿನ ಕಿವಿಯಲ್ಲಿ ಹೇಳಿದವಳು, ಎರಡೂ ಕೈ ಗುಂಡಿ ಮೇಲಿರ್ಲಿ, ಪ್ರಪಂಚ ಮುಳುಗಿದರೂ ಸರಿ. ಸೋಮವಾರ ಸೋಮವಾರ ಸೂಪರ್‌ವೈಸರ್ ಒಂದು ಡಬ್ಬಿ ತರುತ್ತಿದ್ದ, ಡಬ್ಬಿಯಲ್ಲಿ ಸರಕಿನ ಪೆಟ್ಟಿಗೆಯ ಹಲಗೆ ಸೀಳಿ ಮಾಡಿದ ಬೆಣೆಗಳು, ಕಿರುಬೆರಳಿನಷ್ಟು ಉದ್ದ, ಎಡಗಡೆಯ ಗುಂಡಿ ಒತ್ತಿ ಸಂದಿಗೆ ಬೆಣೆ ಬಡಿದರೆ ಗುಂಡಿ ಮೇಲೆ ಏಳುವುದಿಲ್ಲ, ಒತ್ತಿದ್ದು ಒತ್ತಿದ ಹಾಗೇ, ಎಡಗೈ ಬಿಡುವಾಗುತ್ತದೆ, ಎಡಗೈಯಲ್ಲಿ ತಗಡು ಇಡು, ಬಲಗೈಯಲ್ಲಿ ಒತ್ತು, ಎಡಗೈಯಲ್ಲಿ ಮುಚ್ಚಳ ತೆಗಿ, ದಿನಕ್ಕೆ ಮೂರು ಸಾವಿರ ಇದ್ದದ್ದು ನಾಲ್ಕು ಸಾವಿರ, ನೋಡಿ ಅಕ್ಕತಂಗಿಯರೇ, ನಾನು ಹಾಕಿ ಅಂತ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ, ಡಬ್ಬಿ ಇಲ್ಲಿಟ್ಟಿರ್ತೀನಿ, ಎಂಥ ಜಾಣ. ಎಲ್ಲರೂ ಹಾಕಿಕೊಂಡರು, ದಪ್ಪಕ್ಕ ಹಾಕಿಕೊಂಡಳು, ಇವಳು ಹಾಕಿಕೊಂಡಳು, ಅಕ್ಕ ಹಾಕಿಕೊಳ್ಳಲಿಲ್ಲ, ಎರಡು ಕೈ, ಎರಡು ಗುಂಡಿ, ಅವಳ ಮುಚ್ಚಳದ ರಾಶಿ ಎಲ್ಲರದಕ್ಕಿಂತ ಗಿಡ್ಡ, ಏನಮ್ಮಾ ಮಹಾರಾಣಿ, ನಿದ್ದೆ ಮುಗೀತಾ, ಎನ್ನುತ್ತಾನೆ ಸೂಪರ್‌ವೈಸರ್, ವಾರದ ಕೊನೆಗೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ, ಅಕ್ಕ ಮುಂದಿನ ತಗಡು ಇಟ್ಟು ಎರಡೂ ಗುಂಡಿ ಒತ್ತುತ್ತಾಳೆ, ಇವಳು ಪಕ್ಕದಿಂದ ನೋಡುತ್ತಾಳೆ — ಕಿರುಬೆರಳು, ಆಯ್ತು, ಬಲಗೈ ಮುಗೀತು, ಆ ಬಟ್ಟೆಯಲ್ಲಿ ಒರೆಸ್ಕೋ, ಎಡಗೈ ಕೊಡು.

ಎಡಗೈ ಕೊಟ್ಟಳು, ಕೊಡಲು ಸ್ವಲ್ಪ ಹೊತ್ತು ಬೇಕಾಯಿತು. ಹೆಬ್ಬೆರಳು, ಸರಿ, ಇದು ಅಕ್ಕನಿಗೂ ಇದೆ. ಮುಂದಿನ ಮೂರು ಮನೆ ಅಕ್ಕನ ಕೈಯಾಗಿದ್ದರೆ ಖಾಲಿ, ಮೇಡಂ ಅಲ್ಲಿ ಏನು ಬರೆಯುತ್ತಿದ್ದರೋ, ಅಡ್ಡಗೆರೆ ಎಳೆಯುತ್ತಿದ್ದರೋ, ಇವತ್ತು ಬೆಳಿಗ್ಗೆ ಅಕ್ಕ ಇವಳ ಜಡೆ ಹೆಣೆಯುತ್ತಾ, ಏಳೇ ಬೆರಳಲ್ಲಿ, ಹತ್ತು ಬೆರಳಿನವರಿಗಿಂತ ಬಿಗಿಯಾಗಿ, ಹತ್ತೂ ಬೆರಳು ಕೇಳ್ತಾರಂತೆ ಕಣೇ, ಒಂದೆರಡು ಕಡಿಮೆ ಬಿದ್ರೆ ಹೇಳು, ನನ್ನ ಹತ್ರ ಏಳು ಇದಾವೆ, ಥೂ ಸುಮ್ನಿರೇ ಅಕ್ಕಾ, ಅಲ್ಲಾಡಬೇಡ, ಸೊಟ್ಟಗಾಗುತ್ತೆ. ಈಗ ಅಕ್ಕ ಕಾರ್ಖಾನೆಯ ಸ್ಟೋರಿನ ಕಿಟಕಿಯಲ್ಲಿ ಕೂತು ಕೈಗವಸು ಹಂಚುತ್ತಾಳೆ, ಆ ಜಾಗ ಕೊಟ್ಟವನೂ ಸೂಪರ್‌ವೈಸರೇ, ಕರುಣಾಳು, ನನ್ನ ಜೋಡಿ ಕೈಗವಸಿನಲ್ಲಿ ಮೂರು ಬೆರಳು ದಂಡ ಎಂದು ಅಕ್ಕ ನಗುತ್ತಾಳೆ, ನಕ್ಕು ನಕ್ಕು ಎದುರಿನವರ ಮುಖ ಇಳಿಸುವುದು ಅವಳಿಗೆ ಕರಗತ. ಜಡೆ ಮುಗಿಯುವ ಹೊತ್ತಿಗೆ ಇವಳು ಕೇಳಿದ್ದಳು, ಅಕ್ಕಾ, ಹನ್ನೆರಡನೇ ಕಾಲಂ ಒಂದಿದೆ, ಗೊತ್ತು, ಅರ್ಜಿ ಓದಿದೆ, ಏನು ಬರೀಲಿ, ಅದನ್ನ ನನ್ನ ಕೇಳಿದ್ರೆ, ನನಗೇನು ಕೆಲಸ ಬೇಕಾಗಿದೆಯಾ, ನಿಜ ಬರೆದ್ರೆ ನಿನ್ನ ಕಿಟಕಿ ಹೋಗುತ್ತೆ, ಹೋದ್ರೆ ಹೋಗುತ್ತೆ, ಕಿಟಕಿ ತಾನೇ, ಬಾಗಿಲೇನಲ್ಲವಲ್ಲ. ತೋರುಬೆರಳು. ಮೇಡಂ ಅದನ್ನು ಶಾಯಿಯ ಹಲಗೆಯ ಮೇಲೆ ಉರುಳಿಸುತ್ತಿದ್ದಾರೆ, ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸುತ್ತದೆ, ಎಳೆದುಕೊಳ್ಳುವುದಿಲ್ಲ, ಯಾಕೆಂದರೆ ಆ ದಿನ ಚಹಾದ ಬಿಡುವಿನಲ್ಲಿ ಅಕ್ಕ ಹೊರಗೆ ಹೋಗಿದ್ದಾಗ ಅಕ್ಕನ ಯಂತ್ರದ ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದದ್ದು ಈ ಬೆರಳು, ಇವಳದೇ ಬೆರಳು, ಸಂದಿಗೆ ಬೆಣೆ ಇಟ್ಟು ಸ್ಪ್ಯಾನರಿನ ಹಿಂಬದಿಯಿಂದ ಎರಡು ಏಟು ಹಾಕಿದ್ದು ಇವಳು, ಪ್ರೀತಿಯಿಂದ, ಹೌದು, ಪ್ರೀತಿಯಿಂದಲೇ, ಅಕ್ಕನ ರಾಶಿ ಒಂದು ದಿನವಾದರೂ ಎತ್ತರವಾಗಲಿ, ಆ ಮನುಷ್ಯ ಒಂದು ದಿನವಾದರೂ ಬಾಯಿ ಮುಚ್ಚಲಿ, ಅಕ್ಕ ಬಂದಾಗ ಹೇಳಬೇಕೆಂದಿದ್ದಳು, ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲ ಯಂತ್ರ ಒಟ್ಟಿಗೆ ಶುರುವಾದವು, ಕೂಗಿದಳೋ ಇಲ್ಲವೋ, ಕೂಗಿದೆ ಎಂದು ಆರು ವರ್ಷದಿಂದ ತನಗೆ ತಾನೇ ಹೇಳಿಕೊಂಡಿದ್ದಾಳೆ, ಕೂಗಿರಲಿಲ್ಲ. ಸೊಟ್ಟಗೆ ಕೂತ ಒಂದು ತಗಡನ್ನು ಸರಿಮಾಡಲು ಅಕ್ಕ ಎಡಗೈ ಎತ್ತಿದಳು, ಗುಂಡಿ ಬಿಟ್ಟಿದ್ದೀನಿ, ಇನ್ನು ಯಂತ್ರ ಇಳಿಯಲ್ಲ ಅನ್ನುವ ಧೈರ್ಯದಲ್ಲಿ, ಏಳು ವರ್ಷದ ಅಭ್ಯಾಸದ ಧೈರ್ಯದಲ್ಲಿ, ಬಲಗೈ ಇನ್ನೂ ಗುಂಡಿಯ ಮೇಲೇ ಇತ್ತು — ಹಸಿರು ಗುಂಡಿ, ಒತ್ತಿದ್ದು ಒತ್ತಿದ ಹಾಗೇ. ನಡುಬೆರಳು.

ಉಂಗುರದ ಬೆರಳು. ಆಸ್ಪತ್ರೆಯಿಂದ ಬಂದ ಹತ್ತನೇ ದಿನ, ಠಾಣೆಯ ಬೆಂಚು, ಸುಣ್ಣ ಉದುರಿದ ಗೋಡೆ, ಮೇಜಿನ ಮೇಲೆ ಅರ್ಧ ಕುಡಿದ ಲೋಟ, ಅಕ್ಕ ಕಟ್ಟು ಕಟ್ಟಿದ ಕೈಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಗುಂಡಿ ಮೇಲೆ ಏಳಲಿಲ್ಲ ಸಾರ್, ಯಾಕೆ ಏಳಲಿಲ್ಲ, ಬೆಣೆ ಇತ್ತು, ಬೆಣೆ ಹಾಕಿದ್ದು ಯಾರು, ಅಕ್ಕ ತಂಗಿಯ ಮುಖ ನೋಡಲಿಲ್ಲ, ಫ್ಯಾನ್ ನೋಡಿದಳು, ಗೊತ್ತಿಲ್ಲ ಸಾರ್, ಆಮೇಲೆ ರೈಟರ್ ಸಾಹೇಬರು ಇವಳ ಕಡೆ ತಿರುಗಿ, ನೀನು ಪಕ್ಕದ ಯಂತ್ರದವಳು, ನೀನು ಬೆಣೆ ನೋಡಿದೆಯಾ, ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿದ್ದಾನೆ, ಅವನ ಕಣ್ಣಿಗೆ ಹೆದರಿದೆ ಎನ್ನಬಹುದು, ಎಲ್ಲರೂ ನಂಬುತ್ತಾರೆ, ಆದರೆ ಅವಳು ಅವನ ಕಡೆ ನೋಡಲೇ ಇಲ್ಲ, ತನ್ನ ಕೈಗೆ ತಾನೇ ಹೆದರಿ ಹೇಳಿದ್ದು, ಇಲ್ಲ. ಒಂದೇ ಒಂದು ಮಾತು, ಇಲ್ಲ. ರೈಟರ್ ಸಾಹೇಬರು ಬರೆದರು, ಬೆಣೆ ಕಂಡುಬಂದಿಲ್ಲ, ಕೆಲಸಗಾರ್ತಿಯ ಅಜಾಗರೂಕತೆ, ಸಹಿ ಹಾಕಮ್ಮಾ, ಹಾಕಿದಳು, ಅವರು ಪೆನ್ನಿನ ಮುಚ್ಚಳ ಹಾಕಿದರು, ಹೊರಗೆ ಬಂದ ಮೇಲೆ ಅಕ್ಕ ಇವಳ ಹೆಗಲು ಹಿಡಿದು ಮೆಟ್ಟಿಲಿಳಿದಳು, ಅಷ್ಟೇ, ಬೆಣೆ ಹಾಕಿದ್ದು ಯಾರು ಎಂಬ ಬಗ್ಗೆ ಇವತ್ತಿನವರೆಗೆ ಒಂದು ಮಾತು ಆಡಿಲ್ಲ, ಜಡೆ ಮಾತ್ರ ಬಿಗಿಯಾಗಿ ಹಾಕುತ್ತಾಳೆ. ಕಿರುಬೆರಳು, ಮುಗೀತಮ್ಮಾ, ಹತ್ತೂ ಸರಿಯಾಗಿವೆ, ಈಗ ಆ ಕಾಲಂ, ಇಲ್ಲ ಅಂತ ಹಾಕು, ಪೆನ್ನು ತಗೋ — ಎಷ್ಟು ಸಲೀಸು ಇಲ್ಲ ಎನ್ನುವುದು, ಇಲ್ಲ ಎಂದರೆ ಸಮವಸ್ತ್ರ, ಇಲ್ಲ ಎಂದರೆ ಆ ಕುರ್ಚಿ, ಅಕ್ಕನ ಕಿಟಕಿಯೂ ಉಳಿಯುತ್ತದೆ, ಅಮ್ಮ ಬೈದು ಸುಮ್ಮನಾಗುತ್ತಾಳೆ, ಮಾವ ನಾಲ್ಕು ಜನರ ಮುಂದೆ ನಮ್ಮ ಹುಡುಗಿ ಎಂದು ಮೀಸೆ ತಿರುವುತ್ತಾನೆ, ನಾಳೆ ಇನ್ನೊಬ್ಬಳು ಕೈ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾಳೆ, ಗುಂಡಿ ಮೇಲೆ ಏಳಲಿಲ್ಲ ಮೇಡಂ, ಆಗ ತಾನು ಪೆನ್ನು ಹಿಡಿದು, ಯಾವ ಮುಖದಲ್ಲಿ ಕೇಳುವುದು, ಬೆಣೆ ಹಾಕಿದ್ದು ಯಾರು ಎಂದು. ಇಲ್ಲ, ಹಾಗಲ್ಲ, ಕೆಲಸ ಬೇಕು, ಆದರೆ ಈ ಬೆಲೆಗೆ ಬೇಡ, ಕೊಡುವುದಾದರೆ ಬೆಣೆ ಹಾಕಿದವಳಿಗೇ ಕೊಡಲಿ, ಕೊಡದಿದ್ದರೆ ಅವರ ಟೋಪಿ ಅವರ ತಲೆಗಿರಲಿ. ಶಾಯಿ ಮೆತ್ತಿದ ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು ಬರೆದಳು, ಹೌದು, ಪಕ್ಕದಲ್ಲಿ ಕಪ್ಪು ಗುರುತು ಮೂಡಿತು, ಹನ್ನೊಂದನೆಯದು, ಮನೆಯಿಲ್ಲದ್ದು, ಮುಂದೆ, ಆ ಹೇಳಿಕೆ ಸುಳ್ಳು, ಬೆಣೆ ಇತ್ತು, ಬೆಣೆ ಕೊಟ್ಟದ್ದು ಸೂಪರ್‌ವೈಸರ್, ಬೆಣೆ ಹಾಕಿದ್ದು — ಅಯ್ಯೋ ಏನೇ ಇದು, ಮೇಡಂ ತಲೆಕೆಳಗಾಗಿ ಓದುತ್ತಿದ್ದಾರೆ, ಕನ್ನಡಕ ಕೈಗೆ ಬಂದಿದೆ, ಕೆಲಸ ಕೈಗೆ ಬರೋ ಹೊತ್ತಿಗೆ ತಲೆ ಮೇಲೆ ಚಪ್ಪಡಿ ಎಳ್ಕೊಳ್ತಿದ್ದೀಯಲ್ಲೇ ಹುಡುಗಿ, ಹೊಸ ಅರ್ಜಿ ಕೊಡ್ತೀನಿ, ಇದನ್ನ ಹರಿದುಬಿಡೋಣ, ಯಾರಿಗೂ ಹೇಳಲ್ಲ ನಾನು, ಹರಿಯಬೇಡಿ ಮೇಡಂ, ಜಾಗ ಸಾಲ್ತಿಲ್ಲ, ಇನ್ನೊಂದು ಬಿಳಿ ಹಾಳೆ ಇದ್ರೆ ಕೊಡಿ. ಮೇಡಂ ಕನ್ನಡಕ ಮತ್ತೆ ಏರಿಸಿಕೊಂಡರು, ಮೇಜಿನ ಖಾನೆ ಎಳೆದ ಸದ್ದು, ಹಾಳೆ ಬಂತು, ಬಿಳಿ, ಮನೆಗಳಿಲ್ಲದ್ದು, ಅವಳು ಪೆನ್ನು ಇಟ್ಟಳು, ಬೆಣೆ ಹಾಕಿದ್ದು, ಅಲ್ಲಿಂದಲೇ ಶುರುಮಾಡಬೇಕು, ಬೆಣೆ ಹಾಕಿದ್ದು ನಾನು, ಬರೆದಳು, ಮುಂದಿನದು ಬರಲಿಲ್ಲ, ಹೊರಗೆ ಯಾರೋ ಸೀಟಿ ಊದುತ್ತಿದ್ದಾರೆ, ಅವಳಿಗೆ ಕೇಳಿಸುತ್ತಿಲ್ಲ, ಕಣ್ಣ ಮುಂದೆ ಅಕ್ಕ ಮತ್ತೆ ಎಡಗೈ ಎತ್ತುತ್ತಿದ್ದಾಳೆ, ಗುಂಡಿ ಬಿಟ್ಟಿದ್ದಾಳೆ, ಗುಂಡಿ ಏಳಬೇಕು, ಏಳುತ್ತಿಲ್ಲ, ಹಸಿರು, ಎಣ್ಣೆ ಮೆತ್ತಿದ ಹಸಿರು, ಪಕ್ಕದಲ್ಲಿ ಕಿರುಬೆರಳಿನಷ್ಟು ಮರ, ಗುಂಡಿ, ಒತ್ತಿದ್ದು ಒತ್ತಿದ ಹಾಗೇ.